ಹಳದಿ ಕೋಣೆಯ ಕೀಟೀನ್

ಚಿಪ್ ತಯಾರಿಸುವ ಕ್ಲೀನ್‌ರೂಮಿನ ಫೋಟೋ ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಬೆಳಕು ಯಾಕೆ ಅಷ್ಟು ಹಳದಿ? ನಮ್ಮ ಐಐಎಸ್‌ಸಿಯ ಕ್ಲೀನ್‌ರೂಮಿನಲ್ಲೂ ಲಿಥೋಗ್ರಫಿ, ಅಂದರೆ ಬೆಳಕಿನಿಂದ ಬಿಲ್ಲೆಯ ಮೇಲೆ ಚಿತ್ರ ಮೂಡಿಸುವ ಕೆಲಸ, ನಡೆಯುವ ಜಾಗ ಹಾಗೇ ಇದೆ. ಉತ್ತರ ಸುಲಭ. ಸಿಲಿಕಾನ್ ಬಿಲ್ಲೆಯ ಮೇಲೆ ಹಚ್ಚುವ ಫೋಟೋರೆಸಿಸ್ಟ್ ಅನ್ನುವ ಬೆಳಕಿಗೆ ಬದಲಾಗುವ ಲೇಪಕ್ಕೆ ನೀಲಿ, ನೇರಳೆ ಮತ್ತು ಅಲ್ಟ್ರಾವಯಲೆಟ್ ಬೆಳಕು ತಾಗಬಾರದು. ತಾಗಿದರೆ ಕೆಲಸ ಶುರುವಾಗುವ ಮೊದಲೇ ಕೆಟ್ಟುಹೋಗುತ್ತದೆ. ಹಾಗಾಗಿ ಆ ಬಣ್ಣಗಳನ್ನೆಲ್ಲ ಸೋಸಿ, ಉಳಿದ ಹಳದಿಯಲ್ಲಿ ಕೆಲಸ ಮಾಡುತ್ತಾರೆ.

ಆದರೆ ತಾಗಿದಾಗ ಒಳಗೆ ನಿಜಕ್ಕೂ ಏನಾಗುತ್ತದೆ? ಇದನ್ನು ಕೇಳುವವರು ಕಡಿಮೆ. ನನಗೆ ಮಾತ್ರ ಇದೇ ಜಾಸ್ತಿ ಇಷ್ಟದ ಪ್ರಶ್ನೆ.

ಹಳೇ ಕಾಲದಿಂದ ಬಳಕೆಯಲ್ಲಿರುವ ಪಾಸಿಟಿವ್ ರೆಸಿಸ್ಟ್‌ನಲ್ಲಿ ಎರಡು ಮುಖ್ಯ ಪದಾರ್ಥ ಇರುತ್ತವೆ. ಒಂದು ನೊವೊಲ್ಯಾಕ್ ಅನ್ನುವ ರಾಳ. ಇನ್ನೊಂದು ಡಯಾಜೊನಾಫ್ತೊಕ್ವಿನೋನ್. ಹೆಸರು ಉದ್ದವಾಯಿತು, ಈ ರಂಗದವರು ಡಿಎನ್‌ಕ್ಯೂ ಅಂತಲೇ ಕರೆಯುತ್ತಾರೆ. ನೊವೊಲ್ಯಾಕ್ ಒಂದೇ ಇದ್ದರೆ ಕ್ಷಾರದಲ್ಲಿ ಕರಗುತ್ತದೆ. ಡಿಎನ್‌ಕ್ಯೂ ಸೇರಿಸಿದರೆ ಕರಗುವುದು ತುಂಬಾ ನಿಧಾನವಾಗುತ್ತದೆ. ಬೆಳಕು ಬಿದ್ದ ಜಾಗದಲ್ಲಿ ಡಿಎನ್‌ಕ್ಯೂ ಒಂದು ಆಮ್ಲವಾಗಿ ಬದಲಾಗುತ್ತದೆ, ಆಗ ಅಷ್ಟು ಜಾಗ ಮಾತ್ರ ಡೆವಲಪರ್ ಅನ್ನುವ ಕ್ಷಾರದ ದ್ರಾವಣದಲ್ಲಿ ಬೇಗ ಕರಗಿ ಹೋಗುತ್ತದೆ. ಚಿತ್ರ ಮೂಡುವುದು ಹೀಗೆ. ಇನ್ನೊಂದು ಅನುಕೂಲವೂ ಇದೆ. ಹುಟ್ಟಿದ ಆಮ್ಲ ಆ ಬೆಳಕನ್ನು ಹೀರುವುದಿಲ್ಲ. ಹಾಗಾಗಿ ಮೇಲಿನ ಪದರ ಮುಗಿದಂತೆ ಬೆಳಕು ಕೆಳಗಿನ ಪದರಕ್ಕೆ ತಾನೇ ಇಳಿಯುತ್ತದೆ.

ಪಠ್ಯಪುಸ್ತಕದಲ್ಲಿ ಇದನ್ನು ಮೂರು ಬಾಣದಲ್ಲಿ ಮುಗಿಸುತ್ತಾರೆ. ಬೆಳಕು ಬಿತ್ತು, ನೈಟ್ರೋಜನ್ ಹಾರಿಹೋಯಿತು. ಆರು ಕಾರ್ಬನ್‌ಗಳ ಉಂಗುರ ಕುಗ್ಗಿ ಐದರದಾಯಿತು, ಕೀಟೀನ್ ಅನ್ನುವ ಅಲ್ಪಾಯುಷಿ ಅಣು ಬಂತು. ನೀರು ಸೇರಿತು, ಆಮ್ಲ ಆಯಿತು. ಮೊದಲನೆಯದನ್ನೂ ಕೊನೆಯದನ್ನೂ ಬಾಟಲಿಯಲ್ಲಿ ಹಿಡಿದಿಡಬಹುದು. ಮಧ್ಯದ ಕೀಟೀನ್ ಹಾಗಲ್ಲ, ಅದು ಸಿಕ್ಕಿದ್ದರ ಜೊತೆ ಸೇರಿಕೊಂಡು ಮಾಯವಾಗುತ್ತದೆ. ಹಾಗಾದರೆ ಅದು ಇತ್ತು ಅಂತ ಗೊತ್ತಾಗಿದ್ದು ಹೇಗೆ? ತುಂಬಾ ದಿನ ಅದು ಬರೀ ಊಹೆಯಾಗಿತ್ತು, ಒಳ್ಳೆಯ ಊಹೆಯೇ, ಆದರೂ ಊಹೆ.

ಈ ತರದ ಮರುಜೋಡಣೆಯನ್ನು ಲುಡ್ವಿಗ್ ವೋಲ್ಫ್ 1902ರಲ್ಲೇ ವರದಿ ಮಾಡಿದ್ದ, ಹಾಗಾಗಿ ಅದಕ್ಕೆ ವೋಲ್ಫ್ ರಿಅರೇಂಜ್‌ಮೆಂಟ್ ಅಂತ ಹೆಸರು. ಡಿಎನ್‌ಕ್ಯೂ ಮೇಲೆ ಬೆಳಕು ಬಿಟ್ಟು ಉಂಗುರ ಕುಗ್ಗುವುದನ್ನು ಬಿಡಿಸಿ ಬರೆದವನು ಆಸ್ಕರ್ ಸ್ಯೂಸ್, 1944ರಲ್ಲಿ. ಅವನು ಜರ್ಮನಿಯ ವೀಸ್‌ಬಾಡನ್‌ನ ಕಾಲೆ ಕಂಪನಿಯವನು. ಅವರಿಗೆ ಬೇಕಾಗಿದ್ದದ್ದು ನಕ್ಷೆ ನಕಲು ಮಾಡುವ ಕಾಗದ, ಮುದ್ರಣದ ಪ್ಲೇಟು. ಚಿಪ್ಪಿನ ಮಾತು ಆಗ ಎಲ್ಲಿತ್ತು? ಇವತ್ತಿಗೂ ರೆಸಿಸ್ಟ್ ಬಾಟಲಿಯ ಮೇಲೆ ಎಝಡ್ ಅಂತ ಎರಡಕ್ಷರ ಕಾಣುತ್ತದಲ್ವಾ, ಅದು ಅಜೊಪ್ಲೇಟ್ ಅನ್ನುವ ಆ ಪ್ಲೇಟು ಕಂಪನಿಯ ಹೆಸರಿನಿಂದ ಉಳಿದದ್ದು.

ಈಗ ಕಣ್ಣಿಗೆ ಕಾಣದ್ದನ್ನು ನೋಡುವ ವಿಷಯಕ್ಕೆ ಬರೋಣ. ಬೆಳಕಿನ ಒಂದು ಹೊಡೆತ ಕೊಟ್ಟು, ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಬೆಳಕಿನಿಂದ ಒಳಗೇನಾಗಿದೆ ಅಂತ ನೋಡುವ ಉಪಾಯವನ್ನು ನಾರಿಶ್ ಮತ್ತು ಜಾರ್ಜ್ ಪೋರ್ಟರ್ ಕೇಂಬ್ರಿಡ್ಜ್‌ನಲ್ಲಿ 1949ರ ಹೊತ್ತಿಗೆ ಮಾಡಿ ತೋರಿಸಿದರು. ಫ್ಲ್ಯಾಶ್ ಫೋಟಾಲಿಸಿಸ್ ಅಂದರೆ ಅದೇ. 1967ರ ನೊಬೆಲ್ ಇವರಿಬ್ಬರಿಗೆ ಮತ್ತು ಮ್ಯಾನ್‌ಫ್ರೆಡ್ ಐಗನ್‌ಗೆ ಸಿಕ್ಕಿತು. ಅವರು ನೋಡುತ್ತಿದ್ದದ್ದು ಅಲ್ಟ್ರಾವಯಲೆಟ್ ಮತ್ತು ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಇವತ್ತಿಗೂ ಜಾಸ್ತಿ ಲ್ಯಾಬುಗಳಲ್ಲಿ ನಡೆಯುವುದು ಅದೇ. ಸಿಗ್ನಲ್ ದೊಡ್ಡದು, ಉಪಕರಣ ಸರಳ.

ತೊಂದರೆ ಏನೆಂದರೆ, ದ್ರಾವಣದಲ್ಲಿ ಅಣು ಬೆಳಕು ಹೀರುವ ಪಟ್ಟಿಗಳು ಅಲ್ಲಿ ತುಂಬಾ ಅಗಲ. 350 ನ್ಯಾನೊಮೀಟರ್ ಹತ್ತಿರ ಏನೋ ಒಂದು ಗುಡ್ಡೆ ಎದ್ದಿತು, ಇಷ್ಟು ಮೈಕ್ರೊಸೆಕೆಂಡಿನಲ್ಲಿ ಇಳಿಯಿತು ಅಂತ ಬರೆದುಕೊಳ್ಳಬಹುದು. ಆ ಗುಡ್ಡೆ ನೈಟ್ರೋಜನ್ ಹಾರಿಹೋದ ಮೇಲೆ ಉಳಿಯುವ ಕಾರ್ಬೀನೋ, ಕೀಟೀನೋ, ಬೆಳಕು ಹೀರಿ ಉದ್ರಿಕ್ತವಾದ ಅಣುವಿನ ಟ್ರಿಪ್ಲೆಟ್ ಸ್ಥಿತಿಯೋ ಅನ್ನುವುದನ್ನು ಗುಡ್ಡೆ ಹೇಳುವುದಿಲ್ಲ. ಬಾಗಿಲು ಬಡಿದ ಸದ್ದಿನಿಂದ ಯಾರೋ ಬಂದಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗಬೇಕಾದರೆ ದನಿ ಕೇಳಬೇಕು. ಇನ್‌ಫ್ರಾರೆಡ್ ಕೊಡುವುದು ದನಿ. ಪ್ರತಿ ಬಂಧಕ್ಕೂ ತನ್ನದೇ ಕಂಪನ ಇದೆ. ಪಟ್ಟಿಗಳು ಚೂಪಾಗಿರುತ್ತವೆ, ಎಲ್ಲಿ ಬಂತು ಅನ್ನುವುದರಿಂದಲೇ ಬಂಧ ಎಂಥದ್ದು ಅಂತ ಹೇಳಬಹುದು.

ಅದರಲ್ಲೂ 1800ರಿಂದ 2300 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ) ನಡುವಿನ ಜಾಗ ಫೋಟೋಕೆಮಿಸ್ಟ್‌ಗಳ ಪುಣ್ಯ ಅಂತಲೇ ಹೇಳಬೇಕು. ಸಾಮಾನ್ಯ ಸಾವಯವ ಅಣುಗಳಿಗೆ ಅಲ್ಲಿ ಹೆಚ್ಚಿನ ಕೆಲಸ ಇಲ್ಲ. ಕಾರ್ಬೊನಿಲ್‌ಗಳೆಲ್ಲ ಅದಕ್ಕಿಂತ ಕೆಳಗೆ, ಹೈಡ್ರೋಜನ್ ಪರಮಾಣು ಸೇರಿದ ಬಂಧಗಳು ಹಿಗ್ಗಿ ಕುಗ್ಗುವ ಕಂಪನಗಳೆಲ್ಲ ಮೇಲೆ. ಆ ಖಾಲಿ ಜಾಗದಲ್ಲಿ ಬರುವವರು ಯಾರು ನೋಡಿ: ಡಯಾಜೊ, ಅಜೈಡ್, ನೈಟ್ರೈಲ್, ಕೀಟೀನ್, ಕೀಟೆನಿಮೀನ್. ಬೆಳಕಿನ ಆಟದಲ್ಲಿ ಪಾತ್ರ ವಹಿಸುವವರೇ ಎಲ್ಲ.

ಪ್ರಯೋಗ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಒಂದು ಫೆಮ್ಟೊಸೆಕೆಂಡ್ ಲೇಸರ್, ಅದರ 800 ನ್ಯಾನೊಮೀಟರ್ ಬೆಳಕನ್ನು ಎರಡಾಗಿ ಒಡೆಯುತ್ತಾರೆ. ಒಂದು ಪಾಲನ್ನು 400 ನ್ಯಾನೊಮೀಟರ್‌ಗೆ ಬದಲಾಯಿಸಿದರೆ ಅದು ಪಂಪ್, ಡಿಎನ್‌ಕ್ಯೂವನ್ನು ಒಡೆಯುವ ಹೊಡೆತ. ಇನ್ನೊಂದು ಪಾಲಿನಿಂದ ಇನ್‌ಫ್ರಾರೆಡ್ ತಯಾರಿಸುತ್ತಾರೆ, ಅದು ಪ್ರೋಬ್. ಎರಡರ ನಡುವೆ ಹೊತ್ತು ಹೆಚ್ಚು ಕಡಿಮೆ ಮಾಡುವುದಕ್ಕೆ ಗಡಿಯಾರ ಬೇಡ, ದೂರ ಸಾಕು. ಪಿಕೊಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, ಫೆಮ್ಟೊಸೆಕೆಂಡ್ ಅದರ ಸಾವಿರದಲ್ಲಿ ಒಂದು ಪಾಲು; ಬೆಳಕು ಒಂದು ಪಿಕೊಸೆಕೆಂಡಿನಲ್ಲಿ 0.3 ಮಿಲಿಮೀಟರ್ ಹೋಗುತ್ತದೆ. ಕನ್ನಡಿ ಕೂರಿಸಿದ ಹಳಿಯನ್ನು 0.15 ಮಿಲಿಮೀಟರ್ ಸರಿಸಿದರೆ, ಹೋಗಿ ಬರುವ ದಾರಿ ಸೇರಿ ಒಂದು ಪಿಕೊಸೆಕೆಂಡ್ ತಡವಾಯಿತು. ಒಂದು ನ್ಯಾನೊಸೆಕೆಂಡ್ ಬೇಕೆಂದರೆ 15 ಸೆಂಟಿಮೀಟರ್. ಮೈಕ್ರೊಸೆಕೆಂಡ್ ಬೇಕೆಂದರೆ 150 ಮೀಟರ್ ಹಳಿ ಬೇಕು, ಅದು ಆಗುವ ಮಾತಲ್ಲ. ಅಲ್ಲಿಗೆ ಈ ಉಪಾಯ ಮುಗಿಯಿತು, ಮುಂದೆ ಬೇರೆ ಉಪಕರಣವೇ ಬೇಕು.

ಸ್ಯಾಂಪಲ್ ಹಾಕುವ ಸೆಲ್ಲಿಗೆ ಮಾಮೂಲಿ ಗಾಜು ನಡೆಯುವುದಿಲ್ಲ, ಇನ್‌ಫ್ರಾರೆಡ್ ಅದರಲ್ಲಿ ದಾಟುವುದಿಲ್ಲ. ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ಹಾಕುತ್ತಾರೆ, ಎರಡರ ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಂದು. ದ್ರಾವಣವನ್ನು ಆ ಸಂದಿನಲ್ಲಿ ಹರಿಸುತ್ತಲೇ ಇರಬೇಕು, ಯಾಕೆಂದರೆ ಡಿಎನ್‌ಕ್ಯೂ ಒಮ್ಮೆ ಒಡೆದರೆ ವಾಪಸು ಬರುವುದಿಲ್ಲ, ನಿಂತ ದ್ರಾವಣದ ಮೇಲೆ ಹೊಡೆದರೆ ಎರಡನೇ ಹೊಡೆತಕ್ಕೆ ಸಿಗುವುದು ಮೊದಲನೆಯದರ ಕಸ. ಅಳೆಯುವ ಬದಲಾವಣೆ ಎಷ್ಟು? ಸಾವಿರದಲ್ಲಿ ಒಂದು ಭಾಗ ಸಿಕ್ಕರೆ ದೊಡ್ಡದು, ಹತ್ತು ಸಾವಿರದಲ್ಲಿ ಒಂದು ಅಂದರೆ ಮಾಮೂಲಿ. ಅದಕ್ಕೇ ಒಂದು ಹೊಡೆತ ಬಿಟ್ಟು ಒಂದು ಹೊಡೆತದಲ್ಲಿ ಪಂಪ್‌ಗೆ ಅಡ್ಡ ಕೊಡುತ್ತಾರೆ. ಪಂಪ್ ಇದ್ದಾಗಿನದರಿಂದ ಇಲ್ಲದಾಗಿನದನ್ನು ಕಳೆದು, ಸಾವಿರಗಟ್ಟಲೆ ಸಲ ಸರಾಸರಿ ತೆಗೆಯುತ್ತಾರೆ. ಎರಡೂ ಬೆಳಕಿನ ಧ್ರುವೀಕರಣದ ನಡುವೆ 54.7 ಡಿಗ್ರಿ ಕೋನ ಇಡುತ್ತಾರೆ. ಇಲ್ಲದಿದ್ದರೆ ಅಣು ಸುಮ್ನೆ ತಿರುಗಿದ್ದೂ ರಾಸಾಯನಿಕ ಕ್ರಿಯೆ ಅನ್ನುವ ಹಾಗೆ ಕಾಣುತ್ತದೆ.

ಗಾಳಿಯದ್ದೇ ಇನ್ನೊಂದು ಕಾಟ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ 2349ರ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ, ನೀರಿನ ಆವಿ 1400ರಿಂದ 1900ರವರೆಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳನ್ನು ಬಿಡುತ್ತದೆ. ಹಾಗಾಗಿ ಇಡೀ ದಾರಿಯನ್ನು ಡಬ್ಬದೊಳಗೆ ಮುಚ್ಚಿ ಒಣ ಗಾಳಿ ಇಲ್ಲವೇ ನೈಟ್ರೋಜನ್ ಬಿಡುತ್ತಾರೆ. ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ತೆಗೆಯುವ ಎಫ್‌ಟಿಐಆರ್ ಯಂತ್ರದೊಳಗಿನ ಪೊಟ್ಯಾಸಿಯಂ ಬ್ರೋಮೈಡ್ ತುಂಡಿಗೆ ತೇವ ಅಂದರೆ ಆಗುವುದಿಲ್ಲ. ನಮ್ಮಲ್ಲಿ ಮಳೆಗಾಲ ಶುರುವಾದರೆ ಸಾಕು, ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿತಾ ಅಂತ ನೋಡುವುದೇ ಒಂದು ಕೆಲಸ. ಡಿಟೆಕ್ಟರಿಗೆ ದ್ರವ ನೈಟ್ರೋಜನ್ ಸುರಿಯಬೇಕು, ಅದು ಮುಗಿದರೆ ಅಳತೆಯೂ ಮುಗಿಯಿತು.

ಇಷ್ಟೆಲ್ಲ ಮಾಡಿದ ಮೇಲೆ ಪರದೆಯ ಮೇಲೆ ಬರುವುದು ಒಂದು ವ್ಯತ್ಯಾಸದ ಗೆರೆ. ಸೊನ್ನೆಗಿಂತ ಕೆಳಗಿಳಿದದ್ದು ಹೋದವರ ಲೆಕ್ಕ, ಮೇಲೆದ್ದದ್ದು ಬಂದವರ ಲೆಕ್ಕ. ಡಿಎನ್‌ಕ್ಯೂವಿನಲ್ಲಿ ಡಯಾಜೊ ಪಟ್ಟಿಗಳು 2100ರಿಂದ 2160ರ ನಡುವೆ ಇರುತ್ತವೆ, ಅವು ಕೆಳಗಿಳಿಯುತ್ತವೆ. ಕೀಟೀನ್ ಏಳುವುದು 2130ರ ಹತ್ತಿರ. ಗಮನಿಸಿದಿರಾ? ಹೋದವನ ಗುಂಡಿಯ ನಡುವೆಯೇ ಬಂದವನ ಗುಡ್ಡೆ. ಒಂದರ ಮೇಲೊಂದು ಬಿದ್ದು ಎರಡೂ ಸ್ವಲ್ಪ ಸ್ವಲ್ಪ ತಿನ್ನಲ್ಪಡುತ್ತವೆ. ಪಟ್ಟಿಯ ತುದಿ ಎಲ್ಲಿದೆ ಅಂತ ಕಣ್ಣಳತೆಯಲ್ಲಿ ಹೇಳಿದರೆ ತಪ್ಪಾಗುತ್ತದೆ, ಮೊದಲಿನ ಸ್ಪೆಕ್ಟ್ರಮ್ ಎಷ್ಟು ಕಡಿಮೆಯಾಯಿತು ಅಂತ ಲೆಕ್ಕ ಹಾಕಿ ಅದನ್ನು ವಾಪಸು ಕೂಡಿಸಿ ನೋಡಬೇಕು.

ಮೊದಲ ಪಿಕೊಸೆಕೆಂಡುಗಳಲ್ಲಿ ಕಾಣುವುದು ನನಗೆ ಈ ಇಡೀ ವಿಷಯದಲ್ಲೇ ಅತಿ ಚೆಂದದ ಭಾಗ. ಕೀಟೀನ್ ಬರುತ್ತದೆ, ಆದರೆ ಅದರ ಪಟ್ಟಿ ಇರಬೇಕಾದ ಜಾಗದಲ್ಲಿರುವುದಿಲ್ಲ. ಕಡಿಮೆ ವೇವ್‌ನಂಬರ್ ಕಡೆಗೆ ಜಾರಿ, ಅಗಲವಾಗಿ, ಕಲಸಿದ ಹಾಗಿರುತ್ತದೆ. ಕಾರಣ ಬಿಸಿ. ಬೆಳಕಿನಿಂದ ಬಂದ ಶಕ್ತಿ, ಜೊತೆಗೆ ಕ್ರಿಯೆಯಲ್ಲಿ ಬಿಡುಗಡೆಯಾದ ಶಕ್ತಿ, ಎಲ್ಲ ಆ ಅಣುವಿನ ಕಂಪನಗಳೊಳಗೇ ಸೇರಿಕೊಂಡಿದೆ. ಅದು ಸುತ್ತಲಿನ ದ್ರಾವಕಕ್ಕೆ ಆ ಬಿಸಿಯನ್ನು ದಾಟಿಸುತ್ತಾ ಹೋದಂತೆ ಪಟ್ಟಿ ಮೇಲಕ್ಕೆ ಸರಿಯುತ್ತದೆ, ಕಿರಿದಾಗುತ್ತದೆ. ಹತ್ತು ಪಿಕೊಸೆಕೆಂಡ್ ಆಸುಪಾಸಿನಲ್ಲಿ ಎಲ್ಲ ಸರಿಹೋಗುತ್ತದೆ. 2130ರ ಕಂಪನ ಒಂದು ಸುತ್ತು ಮುಗಿಸುವುದಕ್ಕೆ ಸುಮಾರು 16 ಫೆಮ್ಟೊಸೆಕೆಂಡ್ ಸಾಕು. ಅಂದರೆ ತಣ್ಣಗಾಗುವಷ್ಟರಲ್ಲಿ ಅದು ಆರುನೂರಕ್ಕೂ ಹೆಚ್ಚು ಸಲ ಕಂಪಿಸಿರುತ್ತದೆ. ಗೊತ್ತಿಲ್ಲದವರು ಈ ಜಾರುವಿಕೆಯನ್ನು ನೋಡಿ ಕ್ರಿಯೆಯ ಮಧ್ಯೆ ಹುಟ್ಟುವ ಹೊಸ ಅಣು ಸಿಕ್ಕಿತು ಅಂತ ಬರೆದುಬಿಡಬಹುದು.

ಈ ಅಳತೆಗಳಿಂದ ಒಂದು ಹಳೇ ಜಗಳಕ್ಕೂ ಉತ್ತರ ಸಿಕ್ಕಿತು. ನೈಟ್ರೋಜನ್ ಮೊದಲು ಹೋಗಿ, ಕಾರ್ಬೀನ್ ಉಳಿದು, ಆಮೇಲೆ ಉಂಗುರ ಕುಗ್ಗುತ್ತದೆಯೋ? ಇಲ್ಲ ಎರಡೂ ಒಟ್ಟೊಟ್ಟಿಗೇ ನಡೆಯುತ್ತವೆಯೋ? ಸರಪಳಿಯಂಥ ಡಯಾಜೊ ಕೀಟೋನ್‌ಗಳಲ್ಲಿ ಡಯಾಜೊ ಗುಂಪು ಮತ್ತು ಕಾರ್ಬೊನಿಲ್ ಒಂದೇ ಕಡೆ ಇದ್ದರೆ ಒಟ್ಟೊಟ್ಟಿಗೆ ನಡೆಯುವ ದಾರಿ ಸುಲಭ, ಎದುರು ಬದುರಾಗಿದ್ದರೆ ಕಾರ್ಬೀನ್ ದಾರಿ. ಡಿಎನ್‌ಕ್ಯೂವಿನಲ್ಲಿ ಉಂಗುರವೇ ಅವೆರಡನ್ನೂ ಒಂದೇ ಕಡೆ ಬಿಗಿದಿಟ್ಟಿದೆ, ತಿರುಗುವ ಅವಕಾಶವೇ ಇಲ್ಲ. ಅಲ್ಟ್ರಾಫಾಸ್ಟ್ ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ ಕೀಟೀನ್ ಒಂದು ಪಿಕೊಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲೇ ಬಂದುಬಿಡುತ್ತದೆ. ಮಧ್ಯೆ ಕಾರ್ಬೀನ್ ಕೂತು ಸುಧಾರಿಸಿಕೊಳ್ಳುವಷ್ಟು ಪುರುಸೊತ್ತೇ ಇಲ್ಲ.

ಮೂರನೇ ಬಾಣ, ಅಂದರೆ ನೀರು ಸೇರುವುದು, ಬೇರೆಯದೇ ಲೋಕ. ನೀರಿನ ದ್ರಾವಣದಲ್ಲಿ ಅದು ಮೈಕ್ರೊಸೆಕೆಂಡುಗಳ ಲೆಕ್ಕ. ಇಲ್ಲಿ ತಮಾಷೆ ನೋಡಿ, ಮಾಮೂಲಿ ನೀರಿಗೂ 2130ರ ಹತ್ತಿರವೇ ಒಂದು ಅಗಲ ಪಟ್ಟಿ ಇದೆ, ಸರಿಯಾಗಿ ಕೀಟೀನ್ ಕೂರುವ ಜಾಗದಲ್ಲಿ! ಅದಕ್ಕೇ ಅಸಿಟೊನೈಟ್ರೈಲ್‌ನಲ್ಲಿ ಸ್ವಲ್ಪವೇ ನೀರು ಬೆರೆಸುವುದೋ, ಭಾರಜಲ ಬಳಸುವುದೋ ಮಾಡುತ್ತಾರೆ. ರೆಸಿಸ್ಟ್ ಪದರದಲ್ಲಾದರೆ ನೀರು ಬರಬೇಕಾದದ್ದು ಕೋಣೆಯ ಗಾಳಿಯಿಂದ. ಲಿಥೋಗ್ರಫಿ ಕೋಣೆಯಲ್ಲಿ ತೇವಾಂಶವನ್ನು ಶೇಕಡ 40–45ರ ಆಸುಪಾಸಿನಲ್ಲಿ ಕಾಯುವುದಕ್ಕೆ ಇದೂ ಒಂದು ಕಾರಣ. ನೀರಿಲ್ಲದ ಕಡೆ, ಉದಾಹರಣೆಗೆ ನಿರ್ವಾತದಲ್ಲಿ ಬೆಳಕು ಬಿಟ್ಟರೆ, ಕೀಟೀನ್ ಸುಮ್ಮನಿರುವುದಿಲ್ಲ. ನೊವೊಲ್ಯಾಕ್‌ನ ಹೈಡ್ರಾಕ್ಸಿಲ್ ಗುಂಪನ್ನೇ ಹಿಡಿದು ಎಸ್ಟರ್ ಆಗುತ್ತದೆ, ಕರಗಬೇಕಾದ ಜಾಗ ಕರಗದೆ ಕೂರುತ್ತದೆ. ದಪ್ಪ ಪದರ ಹಚ್ಚಿ ಬೇಯಿಸಿದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಬಿಡಿ ಅಂತ ಹೇಳುವುದು ಈ ನೀರಿಗಾಗಿಯೇ. ಎಷ್ಟೋ ಹುಡುಗರು ಅದನ್ನು ಬರೀ ಶಾಸ್ತ್ರ ಅಂದುಕೊಂಡು ಹಾರಿಸುತ್ತಾರೆ.

ಡಿಎನ್‌ಕ್ಯೂ ಉಪಯೋಗದ ದೃಷ್ಟಿಯಿಂದ ದೊಡ್ಡದು, ಸರಿ. ಆದರೆ ಈ ವಿಧಾನದ ತಾಕತ್ತು ನೋಡಬೇಕೆಂದರೆ ನಾನು ಇನ್ನೆರಡು ಕೆಲಸ ತೋರಿಸುತ್ತೇನೆ.

ಮೊದಲನೆಯದು ಫಿನೈಲ್ ಅಜೈಡ್. ಬೆಳಕು ಬಿದ್ದಾಗ ನೈಟ್ರೋಜನ್ ಹೋಗಿ ನೈಟ್ರೀನ್ ಅನ್ನುವ ಅಲ್ಪಾಯುಷಿ ಅಣು ಉಳಿಯುತ್ತದೆ, ಆಮೇಲೆ ಏನಾಗುತ್ತದೆ ಅಂತ ವರ್ಷಗಟ್ಟಲೆ ವಾದ ನಡೆದಿತ್ತು. 1978ರಲ್ಲಿ ಚಾಪ್‌ಮನ್ ಗುಂಪು ಅದನ್ನು ಚಳಿಗೆ ಹೆಪ್ಪುಗಟ್ಟಿದ ಆರ್ಗಾನಿನಲ್ಲಿ ಹೂತಿಟ್ಟು ಬೆಳಕು ಬಿಟ್ಟು, 1895ರ ಹತ್ತಿರ ಒಂದು ಪಟ್ಟಿ ಕಂಡಿತು. ಆರರ ಉಂಗುರ ಏಳರದಾಗಿ ಹಿಗ್ಗಿ ಕೀಟೆನಿಮೀನ್ ಆಗಿದೆ ಅಂತ ಅದರ ಅರ್ಥ. ಡಿಎನ್‌ಕ್ಯೂವಿನಲ್ಲಿ ಉಂಗುರ ಕುಗ್ಗಿದರೆ ಇಲ್ಲಿ ಹಿಗ್ಗುತ್ತದೆ. ಸರಿ, ಅಷ್ಟು ಚಳಿಯಲ್ಲಿ ಆದದ್ದು ಮಾಮೂಲಿ ದ್ರಾವಣದಲ್ಲೂ ಆಗುತ್ತದೆ ಅಂತ ಹೇಗೆ ನಂಬುವುದು? 1988ರಲ್ಲಿ ಶುಸ್ಟರ್ ಗುಂಪು, ನಾಟಿಂಗ್‌ಹ್ಯಾಮ್‌ನ ಜಾರ್ಜ್ ಮತ್ತು ಪೊಲಿಯಾಕಾಫ್ ಜೊತೆ ಸೇರಿ, ಕೋಣೆಯ ಉಷ್ಣತೆಯಲ್ಲಿ ಟೈಮ್ ರಿಸಾಲ್ವ್ಡ್ ಇನ್‌ಫ್ರಾರೆಡ್ ಮಾಡಿ ನೋಡಿತು. ಹೆಚ್ಚು ಕಡಿಮೆ ಅದೇ ಜಾಗದಲ್ಲಿ ಪಟ್ಟಿ. ಚಳಿಯಲ್ಲಿ ಸಿಕ್ಕವನೂ ಬೆಚ್ಚಗಿನ ದ್ರಾವಣದಲ್ಲಿ ಸಿಕ್ಕವನೂ ಒಬ್ಬನೇ ಅಂತಾಯಿತು. ಅಲ್ಟ್ರಾವಯಲೆಟ್ ಗುಡ್ಡೆ ಇಟ್ಟುಕೊಂಡು ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಆಗುತ್ತಿರಲಿಲ್ಲ.

ಎರಡನೆಯದು 1999ರದು, ಟೊಸ್ಕಾನೊ ಅವರು ಜಪಾನಿನ ಹಮಾಗುಚಿ ಗುಂಪಿನ ಜೊತೆ ಮಾಡಿದ್ದು. ನಾಫ್ತಲಿನ್ ಒಂದು ಕಡೆ, ಎಸ್ಟರ್ ಇನ್ನೊಂದು ಕಡೆ ಇರುವ ಕಾರ್ಬೀನ್. ಕಾರ್ಬೀನ್‌ಗೆ ಸಿಂಗ್ಲೆಟ್, ಟ್ರಿಪ್ಲೆಟ್ ಅಂತ ಎರಡು ರೂಪ ಇರುತ್ತವೆ, ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್‌ಗಳು ಹೇಗೆ ಕೂತಿವೆ ಅನ್ನುವುದರ ಮೇಲೆ. ಟ್ರಿಪ್ಲೆಟ್‌ನಲ್ಲಿ ಎಸ್ಟರ್ ಗುಂಪು ಉಳಿದ ಅಣುವಿನ ಜೊತೆ ಒಂದೇ ಸಮತಲದಲ್ಲಿ ಮಲಗುತ್ತದೆ, ಸಿಂಗ್ಲೆಟ್‌ನಲ್ಲಿ ಅಡ್ಡಡ್ಡ ತಿರುಗಿ ನಿಲ್ಲುತ್ತದೆ. ಹಾಗಾಗಿ ಎಸ್ಟರ್‌ನ ಕಾರ್ಬೊನಿಲ್ ಪಟ್ಟಿ ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿ ಬರುತ್ತದೆ. ಒಂದೇ ದ್ರಾವಣದಲ್ಲಿ ಅವರಿಗೆ ಎರಡೂ ಕಂಡವು! ಎರಡೂ ಒಂದೇ ವೇಗದಲ್ಲಿ ಇಳಿದವು, ಅಂದರೆ ಒಂದು ಇನ್ನೊಂದಾಗಿ ಬದಲಾಗುತ್ತಾ ಸಮತೋಲದಲ್ಲಿವೆ. ಉಷ್ಣತೆ ಬದಲಾಯಿಸಿ ಎರಡು ಪಟ್ಟಿಗಳ ಅನುಪಾತ ನೋಡಿದರೆ ಶಕ್ತಿಯ ಅಂತರ ನೇರವಾಗಿ ಸಿಗುತ್ತದೆ. ಟ್ರಿಪ್ಲೆಟ್ ಕೆಳಗೆ, ಅಂತರ ಸುಮಾರು 0.2 ಕಿಲೊಕ್ಯಾಲರಿ ಪ್ರತಿ ಮೋಲ್‌ಗೆ. ಕೋಣೆಯ ಉಷ್ಣಶಕ್ತಿಯೇ 0.6 ಆಸುಪಾಸು ಇರುವಾಗ ಇದು ಏನೇನೂ ಅಲ್ಲ. ಅಷ್ಟು ಸಣ್ಣ ಅಂತರವನ್ನು ಇಷ್ಟು ಸರಳ ತರ್ಕದಿಂದ ಅಳೆದದ್ದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಈ ಎರಡೂ ಫೆಮ್ಟೊಸೆಕೆಂಡಿನ ಕೆಲಸಗಳಲ್ಲ ಅನ್ನುವುದನ್ನು ಗಮನಿಸಿ. ನ್ಯಾನೊಸೆಕೆಂಡ್, ಮೈಕ್ರೊಸೆಕೆಂಡ್. 1999ರಲ್ಲೇ ಜೆವೈಲ್‌ಗೆ ಫೆಮ್ಟೊಕೆಮಿಸ್ಟ್ರಿಗೆ ನೊಬೆಲ್ ಬಂದ ಮೇಲೆ ಎಲ್ಲರಿಗೂ ವೇಗದ ಹುಚ್ಚು ಹಿಡಿಯಿತು. ತಪ್ಪೇನಿಲ್ಲ, ಬಿಸಿ ಕೀಟೀನ್ ತಣ್ಣಗಾಗುವುದು ಕಂಡದ್ದೂ ಅದರಿಂದಲೇ. ಆದರೆ ಅಣು ಅಣುವಿಗೆ ಡಿಕ್ಕಿ ಹೊಡೆದು ನಡೆಯುವ ರಸಾಯನಶಾಸ್ತ್ರ ಬಹುಪಾಲು ಇರುವುದು ನ್ಯಾನೊಸೆಕೆಂಡಿನಿಂದ ಈಚೆಗೆ. ಹಳಿಯ ಉಪಾಯ ಮುಗಿಯುವುದೂ ಸರಿಯಾಗಿ ಅಲ್ಲೇ. ಇಂಗ್ಲೆಂಡಿನ ರುದರ್‌ಫರ್ಡ್ ಆಪಲ್‌ಟನ್ ಲ್ಯಾಬಿನವರು ಇದಕ್ಕೆ ಒಳ್ಳೆಯ ದಾರಿ ಮಾಡಿದರು. ಪಂಪ್ ಸೆಕೆಂಡಿಗೆ ಸಾವಿರ ಸಲ, ಪ್ರೋಬ್ ಲಕ್ಷ ಸಲ. ಒಂದು ಪಂಪ್ ಹೊಡೆತದ ಹಿಂದೆ ಸಾಲಾಗಿ ನೂರು ಪ್ರೋಬ್ ಬರುತ್ತವೆ, ಪಿಕೊಸೆಕೆಂಡಿನಿಂದ ಮಿಲಿಸೆಕೆಂಡಿನವರೆಗೆ ಒಂದೇ ಕೂತಲ್ಲಿ ನೋಡಬಹುದು. ನನ್ನ ಲೆಕ್ಕದಲ್ಲಿ ಹೊಸ ಫೆಮ್ಟೊಸೆಕೆಂಡ್ ದಾಖಲೆಗಿಂತ ಇದು ದೊಡ್ಡದು.

ನಮ್ಮ ಐಐಎಸ್‌ಸಿಯಲ್ಲಿ ಶಿವ ಉಮಾಪತಿ ಅವರ ಗುಂಪು ಇದೇ ಪ್ರಶ್ನೆಗಳನ್ನು ರಾಮನ್, ಅಂದರೆ ಅಣು ಚದುರಿಸಿದ ಬೆಳಕಿನಿಂದ ಕಂಪನ ಗುರುತಿಸುವ ವಿಧಾನದ, ಕಡೆಯಿಂದ ಹಿಡಿಯಿತು, ಅಲ್ಟ್ರಾಫಾಸ್ಟ್ ರಾಮನ್ ಲಾಸ್ ಅನ್ನುವ ವಿಧಾನ ಅವರದು. ರಾಮನ್‌ಗೆ ನೀರಿನ ಕಾಟ ಕಡಿಮೆ, ಇನ್‌ಫ್ರಾರೆಡ್‌ಗೆ ಕಾರ್ಬೊನಿಲ್, ಕೀಟೀನ್ ಎಲ್ಲ ಜೋರಾಗಿ ಕೇಳಿಸುತ್ತವೆ. ಎರಡೂ ಬೇಕು.

ಒಂದು ತಕರಾರು ಹೇಳಲೇಬೇಕು. ಪಟ್ಟಿ ಯಾರದ್ದು ಅಂತ ತೀರ್ಮಾನಿಸುವುದಕ್ಕೆ ಈಗ ಎಲ್ಲರೂ ಕಂಪ್ಯೂಟರಿನಲ್ಲಿ ಡಿಎಫ್‌ಟಿ ಅನ್ನುವ ಕ್ವಾಂಟಮ್ ಲೆಕ್ಕ ಹಾಕುತ್ತಾರೆ. ಲೆಕ್ಕದಲ್ಲಿ ಬಂದ ಸಂಖ್ಯೆಯನ್ನು 0.96 ಆಸುಪಾಸಿನ ಒಂದು ಅಂಶದಿಂದ ಗುಣಿಸಿ, ಪ್ರಯೋಗದ ಪಟ್ಟಿಗೆ ಹೊಂದಿತು, ಸರಿ ಅನ್ನುತ್ತಾರೆ. ಒಂದೇ ಪಟ್ಟಿ ಹೊಂದಿದರೆ ನಾನು ಒಪ್ಪುವುದಿಲ್ಲ, ಹತ್ತಿಪ್ಪತ್ತು ವೇವ್‌ನಂಬರ್ ಆಚೀಚೆ ಯಾವ ಅಣುವನ್ನಾದರೂ ಹೊಂದಿಸಬಹುದು. ಎರಡು ಮೂರು ಪಟ್ಟಿಗಳು ಒಂದೇ ವೇಗದಲ್ಲಿ ಏಳಬೇಕು, ಒಂದೇ ವೇಗದಲ್ಲಿ ಇಳಿಯಬೇಕು. ನೈಟ್ರೋಜನ್-15 ಇಲ್ಲವೇ ಕಾರ್ಬನ್-13 ಹಾಕಿ ಮಾಡಿದರೆ ಲೆಕ್ಕ ಹೇಳಿದಷ್ಟೇ ಸರಿಯಬೇಕು. ಮೆಥನಾಲ್ ಸೇರಿಸಿದರೆ ಕೀಟೀನ್ ಬೇಗ ಸಾಯಬೇಕು. ಇಷ್ಟು ಮಾಡಿದ ಲೇಖನ ಓದಿದರೆ ನೆಮ್ಮದಿ.

ಚಿಪ್ ಉದ್ಯಮ ಅಷ್ಟರಲ್ಲಿ ಮುಂದೆ ಹೋಗಿದೆ. ಡಿಎನ್‌ಕ್ಯೂ ಪಾದರಸ ದೀಪದ 436 ಮತ್ತು 365 ನ್ಯಾನೊಮೀಟರ್ ಬೆಳಕಿಗೆ ಚೆನ್ನಾಗಿತ್ತು, 248ಕ್ಕೆ ಬಂದಾಗ ಆ ಜೋಡಿ ಬೆಳಕನ್ನು ವಿಪರೀತ ಹೀರತೊಡಗಿತು. ಅದಕ್ಕೆ 1980ರ ದಶಕದ ಶುರುವಿನಲ್ಲಿ ಐಬಿಎಂನಲ್ಲಿ ಇಟೊ, ವಿಲ್ಸನ್, ಫ್ರೆಶೆ ಸೇರಿ ಬೆಳಕಿನಿಂದ ಆಮ್ಲ ಹುಟ್ಟಿಸಿ, ಆ ಒಂದು ಆಮ್ಲದಿಂದ ಅನೇಕ ಬಂಧ ಮುರಿಸುವ ಹೊಸ ರೆಸಿಸ್ಟ್ ತಂದರು. ಡಿಎನ್‌ಕ್ಯೂ ಈಗ ದಪ್ಪ ಪದರಗಳಲ್ಲಿ, ಡಿಸ್‌ಪ್ಲೇ ಪ್ಯಾನೆಲ್‌ಗಳಲ್ಲಿ, ಕಾಲೇಜು ಮತ್ತು ಸಂಶೋಧನಾ ಕ್ಲೀನ್‌ರೂಮುಗಳಲ್ಲಿ ದುಡಿಯುತ್ತಿದೆ. ಹೊಸ ರೆಸಿಸ್ಟ್‌ಗಳನ್ನು ಇನ್‌ಫ್ರಾರೆಡ್‌ನಲ್ಲಿ ನೋಡುವುದು ಇನ್ನೂ ಕಷ್ಟ. ಪದರ ತೆಳು, ಹೀರುವ ಅಣು ಕಡಿಮೆ, ದ್ರಾವಣದ ಹಾಗೆ ಹರಿಸುವುದಕ್ಕೆ ಆಗುವುದಿಲ್ಲ. ಪ್ರತಿ ಹೊಡೆತಕ್ಕೂ ಬಿಲ್ಲೆಯನ್ನೇ ಹೊಸ ಜಾಗಕ್ಕೆ ಸರಿಸಬೇಕು, ಎಲ್ಲ ಕಡೆಯೂ ಪದರದ ದಪ್ಪ ಒಂದೇ ಇರಬೇಕು. ಈ ಕೆಲಸಕ್ಕೆ ಇಳಿಯುವವರು ಲೇಸರ್ ಆನ್ ಮಾಡುವ ಮೊದಲು ಸ್ಪಿನ್ ಕೋಟಿಂಗ್ ಚೆನ್ನಾಗಿ ಬರುವವರನ್ನು ಜೊತೆಗೆ ಹಾಕಿಕೊಳ್ಳುವುದು ಒಳ್ಳೆಯದು.